ಅಂಕಿತವಿಲ್ಲದ ಚೀನೀ ಚಿತ್ರಗಳು

ವಚನವಾಗಲಿ ಕೀರ್ತನೆಯಾಗಲಿ, ಅದರ ಅಂಕಿತವನ್ನು ನೋಡಿ ಕರ್ತೃವನ್ನು ಗುರುತಿಸುವುದು ನಮಗೆ ವಾಡಿಕೆ. ಅಂಕಿತವೇ ಇಲ್ಲದ ಚಿತ್ರಗಳನ್ನು ಸಂಗ್ರಹಿಸಹೊರಟವನು ಯಾವುದನ್ನು ನೋಡಬೇಕು? ಕಾಂಟನ್ ಪಟ್ಟಣದ ಚಿತ್ರಗಳು ನಮ್ಮ ಮುಂದಿಡುವ ಪ್ರಶ್ನೆ ಇದು.

1757ರಿಂದ 1842ರವರೆಗೆ ಚೀನೀ ಸರ್ಕಾರವು ಪಾಶ್ಚಾತ್ಯರ ಕಡಲ ವ್ಯಾಪಾರವನ್ನು ಕಾಂಟನ್ ರೇವೊಂದಕ್ಕೆ ಸೀಮಿತಗೊಳಿಸಿತ್ತು. ಚಹಾ, ರೇಷ್ಮೆ, ಪಿಂಗಾಣಿಗಳನ್ನು ಕೊಳ್ಳಬಂದ ವರ್ತಕರು ಊರಿಗೊಯ್ಯಲು ಚಿತ್ರಗಳನ್ನೂ ಕೊಂಡರು. ಅವರ ಅಭಿರುಚಿಯನ್ನರಿತ ಅಲ್ಲಿಯ ಕುಶಲಿಗಳು ಪಾಶ್ಚಾತ್ಯ ಪಟಗಳಿಂದ ನೆರಳುಬೆಳಕಿನ ಕ್ರಮವನ್ನೂ ದೂರಸಾಮೀಪ್ಯಗಳನ್ನು ತೋರುವ ರೀತಿಯನ್ನೂ ಕಲಿತು, ತಮ್ಮ ಕುಂಚದ ಸೂಕ್ಷ್ಮರೇಖೆಯೊಡನೆ ಬೆರೆಸಿದರು. ಕಾರ್ಯಶಾಲೆಗಳಲ್ಲಿ ಒಂದೇ ಚಿತ್ರಕ್ಕೆ ಹಲವರು ಕೈಹಚ್ಚುತ್ತಿದ್ದರು. ಹಲವರ ಕೃತಿಗೆ ಒಬ್ಬನ ಹೆಸರು ಹೇಗೆ ಸಲ್ಲಬೇಕು?

ಹೆಸರಾದವರೂ ಇದ್ದರು, ಲಾಮ್‌ಕ್ವಾ ಅವರಲ್ಲಿ ಪ್ರಸಿದ್ಧನು. 1835ರಲ್ಲಿ ಕಾಂಟನ್ನಿನಲ್ಲಿ ಆಸ್ಪತ್ರೆ ತೆರೆದ ಅಮೆರಿಕದ ವೈದ್ಯ ಪೀಟರ್ ಪಾರ್ಕರನ ರೋಗಿಗಳನ್ನು ಅವನ ಕಾರ್ಯಶಾಲೆ ತೈಲವರ್ಣದಲ್ಲಿ ಚಿತ್ರಿಸಿತು. ದೊಡ್ಡ ಗೆಡ್ಡೆಗಳ ಭಾರವನ್ನು ಹೊತ್ತೂ ಶಾಂತಮುಖರಾಗಿ ಕುಳಿತ ಆ ಜನರ ಎಂಬತ್ತಕ್ಕೂ ಹೆಚ್ಚು ಚಿತ್ರಗಳು ಇಂದು ಯೇಲ್ ವಿಶ್ವವಿದ್ಯಾನಿಲಯದಲ್ಲಿವೆ.

ಈ ಖ್ಯಾತಿಯೇ ಸಂಗ್ರಾಹಕನಿಗೆ ಒಡ್ಡಿದ ಬಲೆ. ಹೆಸರು ಸೇರಿದರೆ ಬೆಲೆ ಏರುತ್ತದೆ. ಆದುದರಿಂದ ಅನಾಮಧೇಯ ಪಟಕ್ಕೆಲ್ಲ ಲಾಮ್‌ಕ್ವಾನ ಹೆಸರನ್ನು ಅಂಟಿಸುವ ಆಸೆ ಹುಟ್ಟುತ್ತದೆ. ಅದಕ್ಕಿಂತ ವಸ್ತುವನ್ನೇ ಪ್ರಶ್ನಿಸುವುದು ಮೇಲು. ಕಾಂಟನ್ನಿನ ಅನೇಕ ಪುಟ್ಟ ಚಿತ್ರಗಳು ಕಾಗದದ ಮೇಲಿನವಲ್ಲ. ಒಂದು ಬಗೆಯ ಗಿಡದ ಬೆಂಡನ್ನು ತೆಳ್ಳಗೆ ಸುತ್ತ ಕೊಯ್ದು ಮಾಡಿದ ಹಾಳೆಯ ಮೇಲಿನವು. ಬಣ್ಣವು ಅದರ ಮೇಲೆ ಮಖಮಲ್ಲಿನಂತೆ ಉಬ್ಬಿ ನಿಲ್ಲುತ್ತದೆ. ಹಾಳೆ ಒಣಗಿದರೆ ಬಗ್ಗದೆ ಮುರಿಯುತ್ತದೆ. ಇಂಥ ಚಿತ್ರಗಳು 1820ರ ದಶಕದಿಂದ ಈಚೆಗೆ ಹೇರಳವಾದುವು. ಬೆಂಡಿನ ಹಾಳೆಯನ್ನು ತೋರಿಸಿ ಇದು ಹದಿನೆಂಟನೆಯ ಶತಮಾನದ್ದೆಂದು ಯಾರಾದರೂ ಹೇಳಿದರೆ ನಾವು ಸಂಶಯಪಡುವುದು ನ್ಯಾಯ. ಹಡಗಿನ ಧ್ವಜ, ದಡದ ಕಟ್ಟಡಗಳ ಸಾಲು, ಹಳೆಯ ಚೌಕಟ್ಟು, ಹಿಂಬದಿಯ ಚೀಟಿ ಇವೂ ಸಾಕ್ಷಿ ನುಡಿಯುತ್ತವೆ. ಚೌಕಟ್ಟು ಬದಲಿಸುವಾಗ ಆ ಚೀಟಿಯನ್ನು ಎಸೆಯುವವನು ಚಿತ್ರದ ನಾಲಗೆಯನ್ನೇ ಕೀಳುತ್ತಾನೆ.

ಸುಳ್ಳು ಹೆಸರು ಕೊಂಡವನನ್ನು ವಂಚಿಸುವುದಷ್ಟೇ ಅಲ್ಲ. ದುಡಿದ ಹಲವು ಕೈಗಳನ್ನು ಎರಡನೆಯ ಬಾರಿ ಅಳಿಸುತ್ತದೆ. ‘ಕಾಂಟನ್, ಕರ್ತೃ ಅಜ್ಞಾತ’ ಎಂದು ಬರೆದಿಡುವ ಸಂಗ್ರಾಹಕನು ಬೆಲೆಯಲ್ಲಿ ಕೊಂಚ ಸೋತರೂ ಸತ್ಯಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿದವನಾಗುತ್ತಾನೆ. ಅಂಥ ಸಂಗ್ರಹದಲ್ಲಿ ಚಿತ್ರಗಳು ಕಡಮೆಯಿರಬಹುದು, ನಂಬಿಕೆಗೆ ಕೊರತೆಯಿರುವುದಿಲ್ಲ.