‘ನಾಳೆಯಿಂದ ಬರಬೇಡ’ ಅಂದ್ರೆ ಕೆಲಸ ಹೋಯ್ತಾ?

ಕುಮಟಾದ ಒಂದು ಬಟ್ಟೆ ಅಂಗಡಿ ಅಂದ್ಕೊಳ್ಳಿ. ಈ ವಾರ ರಜೆ ಇಲ್ಲ, ಬರಲೇಬೇಕು ಅಂತಾರೆ ಮಾಲೀಕರು. ಕೌಂಟರ್‌ನಲ್ಲಿದ್ದ ಹುಡುಗಿ ‘ಆಗೋದಿಲ್ಲ ಸರ್’ ಅಂತಾಳೆ. ‘ಎದುರು ಮಾತಾಡ್ತೀಯಾ? ನಾಳೆಯಿಂದ ಬರಬೇಡ!’ ಮುಗೀತು. ಹೊನ್ನಾವರ, ಭಟ್ಕಳದ ಅಂಗಡಿಗಳಲ್ಲಿ ದುಡಿಯುವವರಿಗೂ ಈ ಮಾತು ಹೊಸದಲ್ಲ.

ಆದ್ರೆ ಕಾನೂನಿನಲ್ಲಿ ಅದು ಅಷ್ಟು ಸುಲಭಕ್ಕೆ ಮುಗಿಯೋದಿಲ್ಲ ಮಾರಾಯ್ರೇ. 2025ರವರೆಗೆ ಜಾರಿಯಲ್ಲಿದ್ದ 1946ರ ಕಾಯ್ದೆಯಡಿ ಕಾರ್ಖಾನೆಗಳಿಗಾಗಿ ಬಂದಿದ್ದ ಮಾದರಿ ಸ್ಥಾಯಿ ಆದೇಶಗಳನ್ನು ನೋಡಿ. ಮೇಲಿನವರ ‘ಕಾನೂನುಬದ್ಧ ಮತ್ತು ಸಮಂಜಸ’ ಆದೇಶವನ್ನು ಬೇಕಂತಲೇ ಮೀರಿದ್ರೆ ಅದು ದುರ್ನಡತೆ ಅಂತಿತ್ತು. ಎಲ್ಲ ಆದೇಶವೂ ಅಲ್ಲ. ಅಂಗಡಿಗಳಿಗೆ ಕರ್ನಾಟಕದ್ದೇ ಬೇರೆ ಕಾಯ್ದೆ ಇದೆ, 1961ರದ್ದು. ವಾರಕ್ಕೊಂದು ರಜೆ ಅದರಲ್ಲೇ ಇದೆ. ಅಂದ ಮೇಲೆ ರಜೆ ಕೇಳಿದ್ದು ಆಜ್ಞಾಭಂಗ ಹೇಗಾಗ್ತದೆ? ಸ್ಟಾಕ್ ಜೋಡಿಸು ಅಂದಾಗ ಸುಮ್ಮನೆ ಕೂತ್ರೆ ಅದು ಬೇರೆ ವಿಷಯ, ಅಲ್ಲಿ ನಾನು ಮಾಲೀಕರ ಪರ.

ಅದೇ ಕಾಯ್ದೆಯ 39ನೇ ಸೆಕ್ಷನ್ ನೆನಪಿಟ್ಟುಕೊಳ್ಳಿ. ಸತತ 6 ತಿಂಗಳು ಕೆಲಸ ಮಾಡಿದವರನ್ನು ತೆಗೆಯೋಕೆ ಸರಿಯಾದ ಕಾರಣ ಬೇಕು, ಜೊತೆಗೆ ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಸಂಬಳ ಕೊಡಬೇಕು. ನೋಟಿಸ್ ಇಲ್ಲದೆ ತೆಗೀಬೇಕು ಅಂದ್ರೆ ವಿಚಾರಣೆ ನಡೆಸಿ, ಸಾಕ್ಷ್ಯ ದಾಖಲಿಸಿ, ತಪ್ಪು ತೋರಿಸಬೇಕು. ಕೌಂಟರ್ ಮುಂದೆ ಕೂಗಾಡಿದ್ದು ವಿಚಾರಣೆ ಅಲ್ಲ.

ಸೈನ್ಯದ ಲೆಕ್ಕವೇ ಬೇರೆ. ಅಗ್ನಿವೀರ ಆಗೋಕೆ ಓಡ್ತಾ ಇರೋ ಹುಡುಗರು ಇದನ್ನ ಕೇಳಿ. 1950ರ ಸೇನಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ, ಮೇಲಧಿಕಾರಿ ಖುದ್ದಾಗಿ ಕೊಟ್ಟ ಕಾನೂನುಬದ್ಧ ಆದೇಶವನ್ನು ಧಿಕ್ಕರಿಸಿದ್ರೆ 14 ವರ್ಷದವರೆಗೆ ಜೈಲು. ಯುದ್ಧವೇ ನಡೀತಿರಬೇಕು ಅಂತಿಲ್ಲ. ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸೋಕೆ ಸಂವಿಧಾನದ 33ನೇ ವಿಧಿಯೇ ಸಂಸತ್ತಿಗೆ ಅವಕಾಶ ಕೊಟ್ಟಿದೆ. ಅಲ್ಲೂ ‘ಕಾನೂನುಬದ್ಧ’ ಅನ್ನೋ ಪದ ಇದೆ, ಗಮನಿಸಿ. ಅನ್ಯಾಯ ಆಯ್ತು ಅನ್ಸಿದ್ರೆ 26ನೇ ಸೆಕ್ಷನ್‌ನಡಿ ಕಮಾಂಡಿಂಗ್ ಅಧಿಕಾರಿಗೆ ದೂರು ಕೊಡಬಹುದು. ದೂರು ಅವರ ಮೇಲೇ ಇದ್ರೆ ಅವರ ಮೇಲಿನವರಿಗೆ. ಕಾರವಾರದ ಕದಂಬ ನೆಲೆಯ ನಾವಿಕರಿಗೆ 1957ರ ನೌಕಾಪಡೆ ಕಾಯ್ದೆ ಅನ್ವಯಿಸ್ತದೆ.

ಇನ್ನು ಶಾಲೆ. ಮಾತು ಕೇಳದ ಮಗುವಿಗೆ ಹೊಡೆಯೋ ಹಾಗಿಲ್ಲ, ಮಾನಸಿಕ ಹಿಂಸೆಯೂ ಕೂಡದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್. ಮೀರಿದ ಶಿಕ್ಷಕರ ಮೇಲೇ ಶಿಸ್ತು ಕ್ರಮ. ಪಿಯು ಹುಡುಗರ ಪ್ರಶ್ನೆ ಬೇರೆ, ನೀವು ಏನು ಕೇಳ್ತೀರಿ ಅಂತ ಗೊತ್ತು: ಪಕ್ಕದ ಉಡುಪಿಯ ಹಿಜಾಬ್ ಕೇಸ್. 2022ರ ಫೆಬ್ರವರಿ 5ರ ಸಮವಸ್ತ್ರ ಆದೇಶ ಸರಿ ಅಂತ ಮಾರ್ಚ್ 15ರಂದು ಹೈಕೋರ್ಟ್ ಹೇಳಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಹೇಮಂತ್ ಗುಪ್ತಾ ಅದನ್ನು ಒಪ್ಪಿದ್ರು, ಸುಧಾಂಶು ಧುಲಿಯಾ ಒಪ್ಪಲಿಲ್ಲ. ಆದೇಶ ಕಾನೂನುಬದ್ಧವೋ ಅಲ್ಲವೋ ಅನ್ನೋದರಲ್ಲೇ ದೇಶದ ಅತಿ ದೊಡ್ಡ ಕೋರ್ಟಿನಲ್ಲಿ ಭಿನ್ನಮತ! ಅಂಥದ್ದರಲ್ಲಿ 17 ವರ್ಷದ ಹುಡುಗಿಯನ್ನು ಹಠಮಾರಿ ಅನ್ನೋಕೆ ನನಗಂತೂ ಮನಸ್ಸು ಬರೋದಿಲ್ಲ.

ಕುಮಟಾದ ಆ ಹುಡುಗಿ ಏನು ಮಾಡಬೇಕು? ‘ರಜೆ ಕೇಳಿದ್ದಕ್ಕೆ ಬರಬೇಡ ಅಂದ್ರಿ, ನಾನು ಕೆಲಸಕ್ಕೆ ಸಿದ್ಧ ಇದ್ದೇನೆ’ ಅಂತ ಅವತ್ತೇ ಮಾಲೀಕರಿಗೆ ವಾಟ್ಸಾಪ್ ಮಾಡಬೇಕು. ಸಂಬಳ ಬಂದ ಬ್ಯಾಂಕ್ ದಾಖಲೆ ತಗೊಂಡು ಕಾರ್ಮಿಕ ಇಲಾಖೆಗೆ ಹೋಗಬೇಕು. ಖಾಲಿ ಕಾಗದಕ್ಕೆ, ರಾಜೀನಾಮೆಗೆ ಸಹಿ ಮಾತ್ರ ಹಾಕಬಾರದು.

ಮುಂದಿನ ವಾರ ಸಿಗೋಣ.