ಅಜ್ಜಿಯ ಸಂತೆ ಲೆಕ್ಕ

ಮಕ್ಕಳೇ, ತುಮಕೂರಿನಿಂದ ಸಿರಾ ಕಡೆಗೆ ಹೆದ್ದಾರಿ ಹಿಡಿದು ಹೋದರೆ ಕಳ್ಳಂಬೆಳ್ಳ ಸಿಗುತ್ತದೆ. ದೊಡ್ಡ ಕೆರೆ ಇರುವ ಊರು. ಅಲ್ಲೊಂದು ಮನೆಯಲ್ಲಿ ಅಜ್ಜಿ, ಮೊಮ್ಮಗಳು ಕೂತಿದ್ದಾರೆ ಅಂದುಕೊಳ್ಳಿ.

“ಅಜ್ಜೀ, ಸಂತೆ ಯಾವತ್ತು?”

“ಸೋಮವಾರ ಕಣವ್ವ.”

“ಅದಾದ ಮೇಲೆ?”

“ಮತ್ತೆ ಸೋಮವಾರ!”

ಅಜ್ಜಿ ವರ್ಷದ ಸಂತೆಯ ತಾರೀಕುಗಳನ್ನೆಲ್ಲ ಬಾಯಿಪಾಠ ಮಾಡಿಲ್ಲ. ಏಳು ದಿನಕ್ಕೊಮ್ಮೆ ಎಂಬ ಒಂದು ನಿಯಮ ಗೊತ್ತು, ಅಷ್ಟೆ. ಕಂಪ್ಯೂಟರಿಗೂ ನಾವು ಹೇಳಿಕೊಡುವುದು ಅದನ್ನೇ: ಎಲ್ಲಿಂದ ಶುರು, ಎಷ್ಟು ದಿನಕ್ಕೊಮ್ಮೆ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಈ ಲೆಕ್ಕವನ್ನು ಬಲು ಚೆಂದವಾಗಿ ಮಾಡುತ್ತದೆ. ಅದು ಒಂದನೇ ಇಸವಿಯ ಜನವರಿ 1ನ್ನು ಮೊದಲನೇ ದಿನ ಎಂದಿಟ್ಟುಕೊಂಡು ದಿನಗಳನ್ನು ಸಾಲಾಗಿ ಎಣಿಸುತ್ತದೆ. ಆ ಎಣಿಕೆಯಲ್ಲಿ 2026ರ ಜನವರಿ 5 ಎಂದರೆ 7,39,621ನೇ ದಿನ. ಇದನ್ನು 7ರಿಂದ ಭಾಗಿಸಿ ನೋಡಿ, ಶೇಷ 1 ಉಳಿಯುತ್ತದೆ. ಶೇಷ 1 ಬಂದರೆ ಸೋಮವಾರ, 2 ಬಂದರೆ ಮಂಗಳವಾರ, ಸೊನ್ನೆ ಬಂದರೆ ಭಾನುವಾರ. ಮುಂದಿನ ಸಂತೆ ಬೇಕೆ? 7 ಕೂಡಿಸಿದರಾಯಿತು. ಜನವರಿ 26ಕ್ಕೆ 7 ಕೂಡಿಸಿದರೆ ಫೆಬ್ರವರಿ 2. ಸಾಲಾಗಿ ಎಣಿಸುವವರಿಗೆ ನಡುವೆ ತಿಂಗಳು ಬದಲಾದರೂ ಎಡವಟ್ಟಾಗುವುದಿಲ್ಲ.

ತಿಂಗಳಿಗೊಮ್ಮೆ ಬರುವ ದಿನ ಮಾತ್ರ ಇಷ್ಟು ಸುಲಭವಲ್ಲ. ಅಮ್ಮನ ಸ್ವಸಹಾಯ ಸಂಘದವರು ಜನವರಿ 31ರಂದು ಸಭೆ ಸೇರಿ, “ಇನ್ನು ಪ್ರತಿ ತಿಂಗಳ ಕೊನೇ ದಿನ ಸೇರೋಣ” ಎಂದರು ಅನ್ನಿ. ಮೊಮ್ಮಗಳು ಅದಕ್ಕೊಂದು ಪ್ರೋಗ್ರಾಂ ಬರೆದಳು: ಹಿಂದಿನ ಸಭೆಗೆ ಒಂದು ತಿಂಗಳು ಕೂಡಿಸು. ಫೆಬ್ರವರಿಯಲ್ಲಿ 31 ಇಲ್ಲ, ಹಾಗಾಗಿ ಕಂಪ್ಯೂಟರ್ 28ಕ್ಕೆ ನಿಂತಿತು. ಸರಿಯೇ. ಫೆಬ್ರವರಿ 28ಕ್ಕೆ ಇನ್ನೊಂದು ತಿಂಗಳು ಕೂಡಿಸಿತು, ಮಾರ್ಚ್ 28 ಬಂತು! ಅಲ್ಲಿಂದ ಮುಂದೆ ಏಪ್ರಿಲ್ 28, ಮೇ 28. ಸಭೆ ತಿಂಗಳ ಕೊನೆಗೆ ಮರಳಲೇ ಇಲ್ಲ. ದೊಡ್ಡ ದೊಡ್ಡ ಪ್ರೋಗ್ರಾಮರುಗಳೂ ಮಾಡುವ ತಪ್ಪು ಇದು. ಪ್ರತಿ ಸಲವೂ ಮೊದಲ ದಿನದಿಂದಲೇ ಎಣಿಸಬೇಕು. ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಫೆಬ್ರವರಿ 28, ಎರಡು ಕೂಡಿಸಿದರೆ ಮಾರ್ಚ್ 31, ಮೂರು ಕೂಡಿಸಿದರೆ ಏಪ್ರಿಲ್ 30. “ಕೊನೇ ದಿನ” ಎನ್ನುವ ಬದಲು “31ನೇ ತಾರೀಕು” ಎಂದೇ ಹಟ ಹಿಡಿದರೆ ವರ್ಷಕ್ಕೆ ಏಳೇ ಸಭೆ, ಏಕೆಂದರೆ 31 ದಿನಗಳಿರುವುದು ಏಳು ತಿಂಗಳಿಗೆ ಮಾತ್ರ. ಆದ್ದರಿಂದ ಪ್ರೋಗ್ರಾಂ ಬರೆಯಲು ಕೂರುವ ಮೊದಲು ಅಮ್ಮನನ್ನು ಸರಿಯಾಗಿ ಕೇಳಿಕೊಳ್ಳಬೇಕು.

ಇನ್ನು ಸ್ವಾತಂತ್ರ್ಯ ದಿನ. ತಾರೀಕು ಕದಲುವುದಿಲ್ಲ, ವಾರ ಕದಲುತ್ತದೆ. 2023ರಲ್ಲಿ ಮಂಗಳವಾರ, 2024ರಲ್ಲಿ ಗುರುವಾರ, 2025ರಲ್ಲಿ ಶುಕ್ರವಾರ. ಬುಧವಾರ ಎಲ್ಲಿ ಹೋಯಿತು? 365ರಲ್ಲಿ 52 ವಾರ ಕಳೆದರೆ ಒಂದು ದಿನ ಉಳಿಯುತ್ತದೆ, ಅದಕ್ಕೇ ವಾರ ಒಂದೊಂದೇ ಮುಂದೆ ಸರಿಯುತ್ತದೆ. 2024ರ ಫೆಬ್ರವರಿಯಲ್ಲಿ 29ನೇ ದಿನವೂ ಇತ್ತು, ಹಾಗಾಗಿ ಆ ವರ್ಷ ಎರಡು ಹೆಜ್ಜೆ ಹಾಕಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಯುಗಾದಿಯ ಲೆಕ್ಕ. 2023ರಲ್ಲಿ ಮಾರ್ಚ್ 22ಕ್ಕೆ ಬಂದ ಹಬ್ಬ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, ಅಂದರೆ 384 ದಿನಗಳ ಮೇಲೆ. ಅದರ ಮುಂದಿನದು 355 ದಿನಕ್ಕೇ ಬಂತು, 2025ರ ಮಾರ್ಚ್ 30ಕ್ಕೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ಸಲ ಆದರೆ 354. ಸೂರ್ಯನ ವರ್ಷಕ್ಕಿಂತ ಇದು ಹನ್ನೊಂದು ದಿನ ಕಡಿಮೆ. ಹೀಗೇ ಬಿಟ್ಟರೆ ಯುಗಾದಿ ಹಿಂದೆ ಹಿಂದೆ ಸರಿದು ಚಳಿಗಾಲಕ್ಕೆ ಬಂದುಬಿಡುತ್ತದೆ, ಮಾವಿನ ಚಿಗುರೂ ಇಲ್ಲ, ಬೇವಿನ ಹೂವೂ ಇಲ್ಲ! ಅದಕ್ಕೇ ನಮ್ಮ ಪಂಚಾಂಗದವರು ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಸೇರಿಸುತ್ತಾರೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಕಂಪ್ಯೂಟರ್ ಯುಗಾದಿಯನ್ನು ಹುಡುಕಬೇಕೆಂದರೆ ಏಳನ್ನೋ ಮುನ್ನೂರ ಅರವತ್ತೈದನ್ನೋ ಕೂಡಿಸಿದರೆ ಸಾಲದು, ಸೂರ್ಯ ಚಂದ್ರರು ಆಕಾಶದಲ್ಲಿ ಎಲ್ಲಿದ್ದಾರೆಂದೇ ಲೆಕ್ಕ ಹಾಕಬೇಕು.

2026ರ ಯುಗಾದಿ ಮಾರ್ಚ್ 19. ಆ ಸಂವತ್ಸರದಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಮುಂದಿನ ಯುಗಾದಿಗೆ ಮತ್ತೆ 384 ದಿನ. ಅದು ಯಾವ ತಾರೀಕಿಗೆ ಬೀಳುತ್ತದೆಂದು ನೀವೇ ಎಣಿಸಿ, 2027ರ ಏಪ್ರಿಲ್ 7 ಬಂದರೆ ನಿಮ್ಮ ಲೆಕ್ಕ ಸರಿ.