ಬ್ರೌಸರ್‌ಗೆ ಬೀಗ ಹಾಕಿದ್ದು ಯಾರು?

ನಾನು ಮಾತಾಡ್ತಿರೋದು ಮೈಸೂರಿನ ಕುಂಬಾರಕೊಪ್ಪಲಿನಿಂದ. ಕಾಲೇಜು ಲ್ಯಾಬ್‌ನಲ್ಲೋ ಆಫೀಸಿನಲ್ಲೋ ಕ್ರೋಮ್ ತೆರೆದು, ಮೇಲೆ ಬಲಗಡೆ ಇರೋ ಮೂರು ಚುಕ್ಕಿ ಒತ್ತಿ ನೋಡಿ. ಮೆನುವಿನ ಕೊನೆಯಲ್ಲಿ ‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್’ ಅಂತ ಇರಬಹುದು. ಅಂದ್ರೆ, ಈ ಬ್ರೌಸರ್‌ನ ಕೆಲವು ಸೆಟ್ಟಿಂಗ್ಸ್ ನಿಮ್ಮ ಕೈಯಲ್ಲಿಲ್ಲ.

ಇದು ಹೇಗೆ ನಡೆಯುತ್ತೆ? ವಿಂಡೋಸ್ 2000 ಜೊತೆ ಗ್ರೂಪ್ ಪಾಲಿಸಿ ಅನ್ನೋ ವ್ಯವಸ್ಥೆ ಬಂತು. ಅಡ್ಮಿನ್ ಒಂದು ಕಡೆ ಕೂತು ನಿಯಮ ಬರೆದರೆ, ಅದು ಸಂಸ್ಥೆಯ ಎಲ್ಲಾ ಕಂಪ್ಯೂಟರ್‌ಗಳಿಗೂ ಹೋಗುತ್ತೆ. ಕ್ರೋಮ್ ಆ ನಿಯಮಗಳನ್ನು ಓದಿ ಪಾಲಿಸುತ್ತೆ. ಫೈರ್‌ಫಾಕ್ಸ್ ಕೂಡ 2018ರಲ್ಲಿ ಬಂದ 60ನೇ ಆವೃತ್ತಿಯಿಂದ ಇದನ್ನು ಒಪ್ಪಿಕೊಳ್ತು. ಹೋಮ್ ಪೇಜ್ ಯಾವುದು, ಯಾವ ಸೈಟ್ ತೆರೆಯಬಾರದು, ಇನ್‌ಕಾಗ್ನಿಟೋ ಇರಬೇಕಾ, ಪಾಸ್‌ವರ್ಡ್ ಸೇವ್ ಆಗಬೇಕಾ, ಯಾವ ಎಕ್ಸ್‌ಟೆನ್ಶನ್ ಬೇಕು, ಎಲ್ಲವನ್ನೂ ಅಲ್ಲಿಂದಲೇ ತೀರ್ಮಾನಿಸಬಹುದು.

‘ನಮ್ಮನ್ನ ಯಾಕೆ ಕಟ್ಟಿಹಾಕ್ತಾರೆ’ ಅಂತ ಸಿಟ್ಟು ಬರುತ್ತೆ, ನಿಜ. ಆದರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ವಾ? ಲ್ಯಾಬ್‌ನಲ್ಲಿ ಯಾರೋ ಒಬ್ಬರು ಸಿಕ್ಕಸಿಕ್ಕ ಎಕ್ಸ್‌ಟೆನ್ಶನ್ ಹಾಕಿದರೆ, ಆಮೇಲೆ ಆ ಕಂಪ್ಯೂಟರ್ ಮುಂದೆ ಕೂತವರೆಲ್ಲರ ಲಾಗಿನ್‌ಗೂ ಅಪಾಯ.

ಸೈಬರ್ ಸೆಂಟರ್ ವಿಷಯ ತಗೊಳ್ಳಿ. ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ, ಸರ್ಟಿಫಿಕೇಟ್‌ಗೆ ಸೇವಾ ಸಿಂಧು ಅಂತ ಎಷ್ಟೋ ಜನ ಅಲ್ಲೇ ಅರ್ಜಿ ಹಾಕಿಸ್ತಾರೆ. ಪಾಸ್‌ವರ್ಡ್ ಸೇವ್ ಆಗಬಾರದು, ಬ್ರೌಸರ್ ಮುಚ್ಚಿದ ತಕ್ಷಣ ಲಾಗಿನ್ ಅಳಿಸಿಹೋಗಬೇಕು ಅಂತ ಪಾಲಿಸಿ ಇದ್ದರೆ, ನಿಮ್ಮ ಹಿಂದೆ ಬರುವವರಿಗೆ ನಿಮ್ಮ ಖಾತೆ ಸಿಗಲ್ಲ. ಇಲ್ಲಿ ಬೀಗ ಇರೋದು ನಿಮ್ಮ ರಕ್ಷಣೆಗೆ. ಆದರೂ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಉಳಿದ ಆಧಾರ್ ಪಿಡಿಎಫ್‌ನ ನೀವೇ ಅಳಿಸಿ ಬರಬೇಕು.

ಆಫೀಸ್ ಲ್ಯಾಪ್‌ಟಾಪ್ ಕಥೆ ಬೇರೆ. ಹೆಬ್ಬಾಳದ ಕಡೆ ಕೆಲಸಕ್ಕೆ ಹೋಗೋ ಗೆಳೆಯರಿಗೆ ನಾನು ಹೇಳೋದು ಇಷ್ಟೇ: ಅದರಲ್ಲಿ ಮನೆಯ ಬ್ಯಾಂಕ್ ವ್ಯವಹಾರ, ಬೇರೆ ಕೆಲಸದ ಹುಡುಕಾಟ ಬೇಡ. ಇನ್‌ಕಾಗ್ನಿಟೋ ಇದ್ದರೂ ನೀವು ಹೋದ ಸೈಟ್ ಕಂಪನಿಯ ನೆಟ್‌ವರ್ಕ್‌ಗೆ ಗೊತ್ತಾಗಬಹುದು. ಸ್ವಂತ ಆಂಡ್ರಾಯ್ಡ್ ಫೋನಿನಲ್ಲಿ ಕಂಪನಿ ವರ್ಕ್ ಪ್ರೊಫೈಲ್ ಹಾಕಿಸಿದ್ದರೆ, ಬ್ರೀಫ್‌ಕೇಸ್ ಗುರುತಿರುವ ಆ್ಯಪ್‌ಗಳು ಮಾತ್ರ ಕಂಪನಿಯ ಹಿಡಿತದಲ್ಲಿ. ಉಳಿದ ಆ್ಯಪ್‌ಗಳು, ಫೋಟೋಗಳು ನಿಮ್ಮವೇ.

ಈಗ ನಿಜವಾಗಿ ಎಚ್ಚರ ಬೇಕಾದ ಜಾಗ. ನಿಮ್ಮ ಮನೆಯ ಕಂಪ್ಯೂಟರ್, ಅದರಲ್ಲಿ ಕಾಲೇಜಿನ ಅಕೌಂಟೂ ಇಲ್ಲ, ಕಂಪನಿಯದೂ ಇಲ್ಲ. ಅಲ್ಲೂ ಅದೇ ಸಾಲು ಕಂಡರೆ ಕೇಳಿ: ಯಾವ ಸಂಸ್ಥೆ? ಕೆಲವು ಆ್ಯಂಟಿವೈರಸ್‌ಗಳೂ ಪಾಲಿಸಿ ಹಾಕ್ತವೆ, ಅದು ಸರಿ. ಆದರೆ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಜೊತೆ ನುಗ್ಗುವ ಆ್ಯಡ್‌ವೇರ್ ಕೂಡ ಇದೇ ದಾರಿ ಹಿಡಿಯುತ್ತೆ. ಅದು ವಿಂಡೋಸ್ ರಿಜಿಸ್ಟ್ರಿಯಲ್ಲಿ ಅಡ್ಮಿನ್ ಥರ ನಿಯಮ ಬರೆದು, ತನ್ನ ಎಕ್ಸ್‌ಟೆನ್ಶನ್ ಕೂರಿಸುತ್ತೆ. ನಿಮಗೆ ರಿಮೂವ್ ಬಟನ್ನೇ ಕೆಲಸ ಮಾಡಲ್ಲ. ಕ್ರೋಮ್ ಅಳಿಸಿ ಮತ್ತೆ ಹಾಕಿದರೂ ರಿಜಿಸ್ಟ್ರಿಯ ನಿಯಮ ಉಳಿದರೆ ಅದು ವಾಪಸ್ ಬರುತ್ತೆ.

ಪತ್ತೆ ಮಾಡೋದು ಸುಲಭ. ಅಡ್ರೆಸ್ ಬಾರ್‌ನಲ್ಲಿ ಇಂಗ್ಲಿಷಿನಲ್ಲಿ ಕ್ರೋಮ್, ಕೋಲನ್, ಎರಡು ಸ್ಲ್ಯಾಶ್, ಪಾಲಿಸಿ ಅಂತ ಟೈಪ್ ಮಾಡಿ. ಫೈರ್‌ಫಾಕ್ಸ್ ಆದರೆ ಅಬೌಟ್, ಕೋಲನ್, ಪಾಲಿಸೀಸ್. ಜಾರಿಯಲ್ಲಿರೋ ನಿಯಮಗಳ ಪಟ್ಟಿ ಬರುತ್ತೆ. ಗುರುತಿಲ್ಲದ ಎಕ್ಸ್‌ಟೆನ್ಶನ್ನೋ ಸರ್ಚ್ ಎಂಜಿನ್ನೋ ಕಂಡರೆ ಅಲ್ಲಿ ಪಾಸ್‌ವರ್ಡ್ ಹಾಕೋದನ್ನು ನಿಲ್ಲಿಸಿ, ಪೂರ್ತಿ ಸ್ಕ್ಯಾನ್ ಮಾಡಿ, ಗೊತ್ತಿರುವವರಿಂದ ರಿಜಿಸ್ಟ್ರಿ ನಿಯಮ ತೆಗೆಸಿ. ಆಮೇಲೆ ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ.

ಬೀಗ ಇದ್ದ ಮಾತ್ರಕ್ಕೆ ಭಯ ಬೇಡ. ಕೀಲಿ ಯಾರ ಹತ್ರ ಇದೆ ಅನ್ನೋದು ಮಾತ್ರ ನಿಮಗೆ ಗೊತ್ತಿರಲಿ. ಮುಂದಿನ ವಾರ ಸಿಗೋಣ.